ನವಿಲಿಗೆ ಬೈದು ಕವಿಯಾದವರು

ಐವತ್ತು ದಾಟಿದ ಗಂಡಸರನ್ನು ನಂಬಬಾರದು. ಅಲ್ಲಿಯವರೆಗೆ ಮನೆ, ಹೊಲ, ಮಕ್ಕಳ ಓದು ಎಂದು ತಲೆ ಬಗ್ಗಿಸಿಕೊಂಡು ಓಡಾಡುತ್ತಿದ್ದವರು ಒಂದು ಬೆಳಿಗ್ಗೆ ಎದ್ದವರೇ ಏನೋ ಒಂದನ್ನು ಗಟ್ಟಿಯಾಗಿ ಹಿಡಿದುಕೊಂಡುಬಿಡುತ್ತಾರೆ. ನಮ್ಮ ಓಣಿಯಲ್ಲೇ ನೋಡಿ. ಎದುರು ಮನೆಯವರು ಇದ್ದಕ್ಕಿದ್ದಂತೆ ಪಂಚಾಯಿತಿ ಚುನಾವಣೆಗೆ ನಿಂತರು. ಸೋತರು. ಸೋತ ಮೇಲೂ ಬಿಳಿ ಬಟ್ಟೆ ಬಿಡಲಿಲ್ಲ, ದಾರಿಯಲ್ಲಿ ಸಿಕ್ಕವರಿಗೆ ಕೈ ಮುಗಿಯುವುದನ್ನೂ ಬಿಡಲಿಲ್ಲ. ಮೂಲೆ ಮನೆಯವರು ನಾಟಿ ಔಷಧಿ ಶುರುಮಾಡಿ ಮೊದಲ ಲೋಟವನ್ನು ತಮ್ಮ ಹೆಂಡತಿಗೇ ಕುಡಿಸಿದರು. ಆಕೆ ಚೆನ್ನಾಗಿಯೇ ಇದ್ದಾರೆ. ಆದರೆ ಈಗ ಗಂಡ ನೀರು ಕೊಟ್ಟರೂ ಮೂಸಿ ನೋಡಿ ಕುಡಿಯುತ್ತಾರೆ. ಇವರನ್ನೆಲ್ಲ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕವಳು ನಾನು. ನಕ್ಕಿದ್ದು ದೇವರಿಗೆ ಕೇಳಿಸಿರಬೇಕು. ನಮ್ಮ ಯಜಮಾನರು ಕವಿಯಾದರು.

ಮೊದಮೊದಲು ನಾನು ಇದನ್ನು ಯಾರಿಗೂ ಹೇಳಲಿಲ್ಲ. ಕುಡಿತವಾದರೆ ಬಿಡಿಸುವ ಶಿಬಿರಗಳಿವೆ, ಇಸ್ಪೀಟಾದರೆ ಬುದ್ಧಿ ಹೇಳುವ ಹಿರಿಯರಿದ್ದಾರೆ. ಕವಿತೆಯನ್ನು ಬಿಡಿಸುವವರು ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನಲ್ಲಿ ಯಾರೂ ಇಲ್ಲ. ಇನ್ನಷ್ಟು ಹಿಡಿಸುವವರೇ ಎಲ್ಲ. ನಮ್ಮವರು ಬಸವರಾಜಪ್ಪ, ಶಿಕಾರಿಪುರದಿಂದ ಶಿರಾಳಕೊಪ್ಪಕ್ಕೆ ಬರುವ ದಾರಿಯ ಬದಿಯ ಒಂದು ಹಳ್ಳಿಯಲ್ಲಿ ಗೋವಿನಜೋಳ, ಒಂದಿಷ್ಟು ಭತ್ತ ಬೆಳೆಯುವ ರೈತರು. ನಾನು ಶಿರಾಳಕೊಪ್ಪದ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಇವರಿಗೂ ಅಕ್ಷರಕ್ಕೂ ಇದ್ದ ಸಂಬಂಧವೆಂದರೆ ಗೊಬ್ಬರದ ಚೀಲದ ಮೇಲಿನದನ್ನು ಓದುವುದು, ಪೇಪರಿನಲ್ಲಿ ಶುಂಠಿ ಧಾರಣೆ ನೋಡಿ, ತಾವು ಶುಂಠಿ ಹಾಕದಿದ್ದರೂ, ನಿಟ್ಟುಸಿರು ಬಿಡುವುದು. ಅಂಥವರು ಕವಿಯಾಗಲು ಕಾರಣ ನಾನಲ್ಲ, ಪ್ರಕೃತಿಯ ಸೊಬಗೂ ಅಲ್ಲ. ಒಂದು ನವಿಲು.

ನಮ್ಮ ಹೊಲದ ಅಂಚಿಗೆ ಒಂದು ಕುರುಚಲು ಗುಡ್ಡವಿದೆ. ನವಿಲಿನ ಮನೆ ಅಲ್ಲಿ, ಊಟ ನಮ್ಮಲ್ಲಿ. ಈ ಸಲ ಮುಂಗಾರಿಗೆ ಬಿತ್ತನೆ ಮುಗಿಸಿ ಇವರು ಮನೆಗೆ ಬಂದು ಕಾಲು ತೊಳೆಯುವಷ್ಟರಲ್ಲಿ ಅದು ಗುಡ್ಡ ಇಳಿದು ಬಂದು, ಕೂರಿಗೆ ಹೋದ ಸಾಲನ್ನೇ ಹಿಡಿದು, ಒಂದೊಂದೇ ಕಾಳನ್ನು ಕೆದಕಿ ತಿನ್ನುತ್ತ ಹೋಗಿತ್ತು. ಎಲ್ಲಿಯೂ ಸಾಲು ತಪ್ಪಿರಲಿಲ್ಲ. ನನ್ನ ವಿದ್ಯಾರ್ಥಿಗಳು ಅಷ್ಟು ನೆಟ್ಟಗೆ ಸರಳರೇಖೆ ಎಳೆದಿದ್ದರೆ ನಾನು ಕೃತಾರ್ಥಳಾಗುತ್ತಿದ್ದೆ. ರಾಷ್ಟ್ರಪಕ್ಷಿ ಬೇರೆ, ಕಲ್ಲು ಎಸೆದರೆ ಕೇಸು, ಎಸೆಯದಿದ್ದರೆ ಬೆಳೆ ಇಲ್ಲ. ಇವರು ಡಬ್ಬ ಬಡಿದರು. ನನ್ನ ಹಳೆಯ ಸೀರೆಗಳನ್ನು ಬೇಲಿಗೆ ಕಟ್ಟಿದರು. ತಮ್ಮದೇ ಅಂಗಿ ತೊಡಿಸಿ ಒಂದು ಬೆದರುಬೊಂಬೆ ನಿಲ್ಲಿಸಿದರು. ಮರುದಿನ ಹೋಗಿ ನೋಡಿದರೆ ನವಿಲು ಆ ಬೊಂಬೆಯ ಹೆಗಲ ಮೇಲೆ ಕೂತು, ಇನ್ನೆಲ್ಲಿ ತಿನ್ನುವುದು ಬಾಕಿ ಇದೆ ಎಂದು ಹೊಲವನ್ನು ಪರಿಶೀಲಿಸುತ್ತಿತ್ತಂತೆ. ಎಲ್ಲ ಉಪಾಯವೂ ಮುಗಿದ ಮೇಲೆ ರೈತನಿಗೆ ಉಳಿಯುವುದು ಬಾಯಿ ಒಂದೇ. ಇವರು ಬೇವಿನ ಮರದ ಬುಡದಲ್ಲಿ ಕೂತು ಬೈಯತೊಡಗಿದರು. ಬೈಯುತ್ತ ಬೈಯುತ್ತ ಅದಕ್ಕೊಂದು ಲಯ ಕೂಡಿಬಂತು. ಲಯದ ಹಿಂದೆಯೇ ಪ್ರಾಸವೂ ಬಂತು.

ಇದನ್ನು ಮೊದಲು ಕಂಡುಹಿಡಿದವರು ನಮ್ಮ ಅತ್ತೆ. ಹೊಲಕ್ಕೆ ಬುತ್ತಿ ಕೊಡಲು ಹೋದವರು ಬುತ್ತಿಯ ಸಮೇತ ವಾಪಸು ಬಂದು ನಡುಮನೆಯಲ್ಲಿ ಕುಕ್ಕರಿಸಿದರು.

“ಗಿರಿಜಾ, ಅವ ಹೊಲದಾಗ ಒಬ್ಬನೇ ಮಾತಾಡಾಕ ಹತ್ಯಾನ ನೋಡವ್ವ.”

“ನವಿಲು ಬಂದಿರ್ಬೇಕು ಅತ್ತೆ, ಬೈತಿರ್ತಾರೆ.”

“ಬೈದ್ರೆ ಬೈಲಿ, ನಾ ಎಷ್ಟು ಜನರಿಗೆ ಬೈದಿಲ್ಲ? ಆದ್ರೆ ರಾಗ ಎಳೀತಾನಲ್ಲೇ! ನಿಮ್ಮ ಮಾವ ಬದುಕಿದ್ದಾಗ ನಂಗೆ ಬೈದಿದ್ದೂ ಐತಿ, ಹೊಡಿಯಾಕ ಬಂದಿದ್ದೂ ಐತಿ, ರಾಗ ಮಾತ್ರ ಎಂದೂ ಎಳದಿಲ್ಲ.”

ಸಂಜೆ ನಾನು ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಾಗ ಇವರು ಬಂದು ಎದುರಿಗೆ ನಿಂತರು. ಮುಖ ನಮ್ಮ ನಿಶ್ಚಿತಾರ್ಥದ ದಿನ ಇದ್ದಂತೆ ಇತ್ತು: ಹೆದರಿಕೆಯೂ ಹೌದು, ಹೇಳಿಕೊಳ್ಳುವ ಆಸೆಯೂ ಹೌದು. ಗಂಟಲು ಸರಿಮಾಡಿಕೊಂಡು ಹೇಳಿದರು:

ಏನಪ್ಪಾ ನವಿಲಪ್ಪಾ, ಬಂದೇನು?
ನಾ ಬಿತ್ತಿದ್ದ ಸಾಲಾಗಿ ತಿಂದೇನು?
ಬಾಲದ ತುಂಬಾ ಕಣ್ಣೇ ಕಣ್ಣು,
ನಾಚ್ಕಿ ಇಲ್ಲ ಒಂದ್ರಾಗಿನ್ನೂ!

“ಟೀಚರಮ್ಮ, ತಪ್ಪಿದ್ರೆ ತಿದ್ದು” ಎಂದರು.

“ನಾನು ಗಣಿತದೋಳು ರೀ.”

“ಯಾವ್ದಾದ್ರೇನು? ಸಾಲಿ ಒಂದೇ ಅಲ್ಲೇನು?”

ನನಗೆ ನಗು ಬಂತು ನಿಜ. ಅದು ಒಂದು ದಿನದ ಹುಚ್ಚು ಎಂದುಕೊಂಡು ನಕ್ಕೆ. ನಕ್ಕಿದ್ದನ್ನೇ ಇವರು ಪ್ರೋತ್ಸಾಹ ಎಂದು ತಿಳಿದುಕೊಂಡರು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಬೈಸಿಕೊಳ್ಳದ ವಸ್ತುವೇ ಉಳಿಯಲಿಲ್ಲ. ಬೋರಿನ ಪಂಪಿಗೆ ಒಂದು ಪದ್ಯ, ಕರೆಂಟಿಗೆ ಒಂದು, ಹಗ್ಗ ಬಿಚ್ಚಿಕೊಂಡು ಹೋಗುವ ಎಮ್ಮೆಗೆ ಎರಡು. ಒಂದು ದಿನ ಊಟಕ್ಕೆ ಕೂತು ನನ್ನ ಸಾರಿನ ತಟ್ಟೆ ನೋಡುತ್ತ, “ಉಪ್ಪು ತವರಿಗೆ ಹೋಗೈತಿ, ಖಾರ ಕಾವಲು ಕುಂತೈತಿ” ಎಂದುಬಿಟ್ಟರು. ನಾನು ಸೌಟು ಹಿಡಿದು ನಿಂತೇ ಇದ್ದೆ. ಅತ್ತೆ ಮಾತ್ರ ಬಿದ್ದು ಬಿದ್ದು ನಕ್ಕು, ಮಗನಿಗೆ ದೆವ್ವ ಹಿಡಿದಿದೆ ಎಂದು ಅಲ್ಲಿಯವರೆಗೆ ಹೇಳುತ್ತಿದ್ದವರು, ಅಂದಿನಿಂದ ಪಕ್ಷ ಬದಲಾಯಿಸಿದರು.

ಇದೆಲ್ಲ ಮನೆಯ ಒಳಗಿನ ಮಾತು, ಸಹಿಸಬಹುದಿತ್ತು. ಆದರೆ ಮೊಬೈಲ್ ಎಂಬುದೊಂದು ಇದೆಯಲ್ಲ. ಪದ್ಯ ಹುಟ್ಟಿದ ಕೂಡಲೇ ಹೊಲದಿಂದಲೇ ದನಿಯಲ್ಲಿ ಹೇಳಿ ನನ್ನ ವಾಟ್ಸಾಪಿಗೆ ಕಳಿಸುವುದನ್ನು ಇವರು ಕಲಿತರು. ಒಂದು ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಸಭೆ. ಮುಖ್ಯೋಪಾಧ್ಯಾಯರು ಪರೀಕ್ಷೆಯ ಫಲಿತಾಂಶದ ಬಗ್ಗೆ ಬಹಳ ಗಂಭೀರವಾಗಿ ಮಾತಾಡುತ್ತಿದ್ದರು. ಕೈ ಅಡಿಯಲ್ಲಿದ್ದ ಫೋನಿನ ಮೇಲೆ ನನ್ನ ಬೆರಳು ತಾಗಿತೋ ಏನೋ, ಇಡೀ ಕೋಣೆಗೆ ಕೇಳುವಂತೆ ಇವರ ದನಿ ಮೊಳಗಿತು: “ಏ ಕಳ್ಳಿ, ಕುತ್ತಿಗಿ ಎತ್ತಿ ಏನ್ ನೋಡ್ತಿ? ನಾಕು ಕಾಲದಿಂದ ನಂದೇ ತಿಂತಿ!” ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಅಭ್ಯಾಸಬಲದಿಂದ ಕುತ್ತಿಗೆ ಎತ್ತಿಯೇ ಕೂತಿದ್ದೆ. “ಅದು ನನಗಲ್ಲ ಸರ್, ಹೆಣ್ಣು ನವಿಲಿಗೆ” ಎಂದೆ. ಯಾರೂ ನಂಬಲಿಲ್ಲ. ಸಭೆ ಮುಗಿದ ಮೇಲೆ ಹಿಂದಿ ಟೀಚರು ಮೆಲ್ಲಗೆ ಬಂದು ನನ್ನ ಕೈ ಹಿಡಿದುಕೊಂಡು, “ಗಿರಿಜಾ ಮೇಡಂ, ಏನಿದ್ರೂ ಒಳಗೇ ಇಟ್ಕೋಬೇಡ್ರಿ, ನಾವಿದ್ದೀವಿ” ಎಂದರು. ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಬಂತು, ಕಾರಣ ಬೇರೆ.

ಹೀಗಿರುವಾಗ ಕುಪ್ಪಗಡ್ಡೆಯಿಂದ ಅಣ್ಣನ ಫೋನು ಬಂತು. ಕುಪ್ಪಗಡ್ಡೆ ನನ್ನ ತವರು. ಅಣ್ಣ ನಿವೃತ್ತ ಹೆಡ್‌ಮಾಸ್ತರು. ಊರಿನಲ್ಲಿ ಈಗಲೂ ಅವನು ನಡೆದು ಬಂದರೆ ಕಟ್ಟೆಯ ಮೇಲೆ ಕೂತ ಮುದುಕರು ಕೂಡ ಹಳೆಯ ನೆನಪಿನಿಂದ ಬೀಡಿ ಬಿಸಾಡುತ್ತಾರೆ.

“ತಂಗಿ, ಕೊಯ್ಲು ಮುಗೀತು. ಗದ್ದೇಲೇ ಶಾಮಿಯಾನ ಹಾಕಿ ಒಂದು ಕವಿಗೋಷ್ಠಿ ಮಾಡ್ತಾ ಇದ್ವು. ಬರೀ ಹೊಲ-ಗದ್ದೆ ಮೇಲಿನ ಕವಿತೆ. ನಂದೇ ಅಧ್ಯಕ್ಷತೆ. ಭಾವ ಬರೀತಾರಂತಲ, ಕರ್ಕಂಡು ಬಾ.”

“ನಿಂಗೆ ಯಾರಂದ್ರು ಅಣ್ಣ?”

“ನಿಮ್ಮತ್ತೆ ಫೋನ್ ಮಾಡಿದ್ರು. ಒಳ್ಳೆ ಕವಿ ಅಂದ್ರು.”

ಗಂಡನ ಮನೆಯಲ್ಲಿ ನಮ್ಮ ಮಾನ ಹೋದರೆ ತಡೆದುಕೊಳ್ಳಬಹುದು. ತವರಿನಲ್ಲಿ ಗಂಡನ ಮಾನ ಹೋಗುವುದನ್ನು ಯಾವ ಹೆಂಗಸೂ ತಡೆದುಕೊಳ್ಳಲಾರಳು. ಅದರಲ್ಲೂ ಅಣ್ಣನ ಎದುರು. ಅಣ್ಣ ಇವರನ್ನು ಎಂದೂ ಕೀಳಾಗಿ ಕಂಡವನಲ್ಲ; ಆದರೆ ಮದುವೆಯಾದಂದಿನಿಂದ ಇವರಿಬ್ಬರ ನಡುವೆ ನಡೆದಿರುವುದು ಒಂದೇ ಸಂಭಾಷಣೆ. “ಮಳೆ ಹೆಂಗೆ?” “ಪರವಾಗಿಲ್ಲ.” “ರಸ್ತೆ ಹೆಂಗದೆ?” “ಹಂಗೇ ಐತಿ.” ಆಮೇಲೆ ಇಬ್ಬರೂ ಒಂದೇ ಗೋಡೆಯನ್ನು ನೋಡುತ್ತ ಕೂರುತ್ತಾರೆ. ನಾನು ಒಳಗಿನಿಂದ ಕಾಫಿ ತಂದು ಬಿಡುಗಡೆ ಮಾಡಬೇಕು. ಅಂಥ ಅಣ್ಣನ ಅಧ್ಯಕ್ಷತೆಯಲ್ಲಿ ಇವರು ಎದ್ದು ನಿಂತು ನವಿಲಿಗೆ ಬೈಯುವುದನ್ನು ನೆನೆದರೆ ನನಗೆ ಅನ್ನ ಇಳಿಯಲಿಲ್ಲ. ಇವರಿಗೋ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಶಿರಾಳಕೊಪ್ಪದ ಸಂತೆಗೆ ಹೋಗಿ ಕ್ಷೌರ ಮಾಡಿಸಿಕೊಂಡು, ಹೊಸ ಅಂಗಿ ತಂದರು. ಎಮ್ಮೆಯ ಎದುರು ನಿಂತು ಅಭ್ಯಾಸ ಮಾಡಿದರು. ಎಮ್ಮೆ ಮೆಲುಕು ನಿಲ್ಲಿಸಿದರೆ ಪದ್ಯ ಚೆನ್ನಾಗಿದೆ ಎಂದು ಲೆಕ್ಕ. “ರೈತ ದೇಶದ ಬೆನ್ನೆಲುಬು ಅಂತ ಏನಾದ್ರೂ ಬರ್ದುಬಿಡ್ರೀ, ಕ್ಷೇಮ” ಎಂದೆ. “ನಂಗೆ ಬೈದ್ರಷ್ಟೇ ಬರೋದು” ಎಂದರು.

ಅಂದು ಬೆಳಿಗ್ಗೆ ಬೈಕಿನಲ್ಲಿ ಹೊರಟೆವು. ಶಿರಾಳಕೊಪ್ಪ ದಾಟಿ ಸೊರಬದ ಕಡೆ ಹೋಗುತ್ತ ಹೋಗುತ್ತ ಜೋಳದ ಹೊಲಗಳು ಕಡಿಮೆಯಾಗಿ, ಕೊಯ್ದ ಗದ್ದೆಗಳು, ಹುಲ್ಲಿನ ಬಣವೆಗಳು ಶುರುವಾದವು. ಹುಟ್ಟಿದೂರಿನ ಗಾಳಿ ಮೂಗಿಗೆ ತಾಗಿ ಅಂಥ ಹೆದರಿಕೆಯಲ್ಲೂ ನನಗೆ ಖುಷಿಯಾಯಿತು. ಇವರು ಹೆಲ್ಮೆಟ್ಟಿನ ಒಳಗೇ ಏನೋ ಗೊಣಗುತ್ತಿದ್ದರು. “ಏನ್ರೀ?” ಎಂದು ಕೂಗಿದೆ. “ನಿನಗಲ್ಲ!” ಎಂದು ಕೂಗಿದರು.

ಗದ್ದೆಗೆ ಹುಲ್ಲು ಹಾಸಿ ಮೇಲೆ ಜಮಖಾನ ಹಾಕಿದ್ದರು. ಕೊಯ್ದ ಭತ್ತದ ಕೂಳೆ ಜಮಖಾನ ತೂರಿಕೊಂಡು ಬಂದು ಕೂತವರನ್ನು ಚುಚ್ಚುತ್ತಿತ್ತು. ಯಾರಿಗೂ ನಿದ್ದೆ ಬರಲಿಲ್ಲವೆಂದರೆ ಅದರ ಕೀರ್ತಿ ಕವಿಗಳಿಗೆ ಸಲ್ಲಬಾರದು. ಜನ ತುಂಬಿತ್ತು. ಕೊನೆಯಲ್ಲಿ ಹೋಳಿಗೆ ಊಟವಿದೆ ಎಂದು ಮೈಕಿನಲ್ಲಿ ಆಗಾಗ ಹೇಳುತ್ತಿದ್ದರು. ಮೊದಲು ಬಂದ ಕವಿಗಳೆಲ್ಲ ರೈತನನ್ನು ಬೆನ್ನೆಲುಬು ಎಂದರು. ಒಬ್ಬರು ಹಾಡಿ ಹೇಳಿದರು, ಒಬ್ಬರು ಗುಡುಗಿ ಹೇಳಿದರು. ನನ್ನ ಹಿಂದೆ ಕೂತಿದ್ದ ಅಜ್ಜಿ ಪಕ್ಕದವಳಿಗೆ, “ಬೆಳಿಗ್ಗಿಂದ ಬೆನ್ನೆಲುಬು ಬೆನ್ನೆಲುಬು ಅಂತ್ರಲೇ ಮಾರಾಯ್ತಿ, ನಂಗೆ ಬೆನ್ನು ನೋಯಕ್ಕೆ ಶುರುವಾತು” ಎಂದಳು.

ಅಧ್ಯಕ್ಷರ ಸರದಿ ಬರುವಾಗ ಎದುರಿಗೆ ಶಾಮಿಯಾನದವನು ಮಾತ್ರ ಉಳಿದಿರುತ್ತಾನೆ ಎಂಬುದನ್ನು ಬಲ್ಲ ಅಣ್ಣ, ಸಂಪ್ರದಾಯ ಮುರಿದು ನಡುವೆಯೇ ಎದ್ದು ನಿಂತ. ಕನ್ನಡಕ ಹಾಕಿಕೊಂಡ. “ನನ್ನ ಕವಿತೆಯ ಹೆಸರು: ಮಯೂರ ವೈಭವ” ಎಂದ.

ನಾನು ಸೆರಗನ್ನು ಹಣೆಯವರೆಗೆ ಎಳೆದುಕೊಂಡೆ.

“ಓ ಇಂದ್ರಚಾಪದ ಕಿರಿಯ ಸೋದರನೆ, ರೈತನಂಗಳದ ರತ್ನಾಭರಣನೆ” ಎಂದು ಅಣ್ಣ ಶುರುಮಾಡಿದ. ನವಿಲಿನ ಕತ್ತು, ಕಿರೀಟ, ನಡಿಗೆ, ನಾಟ್ಯ ಯಾವುದನ್ನೂ ಬಿಡಲಿಲ್ಲ. ಪ್ರತಿ ಚರಣಕ್ಕೂ ಅತ್ತಿಗೆ ಮುಂದಿನ ಸಾಲಿನಿಂದ ಚಪ್ಪಾಳೆ ತಟ್ಟಿದಳು. ಕವಿಗಳ ಕುರ್ಚಿಯಲ್ಲಿ ಕೂತಿದ್ದ ಇವರ ಕಡೆ ನೋಡಿದೆ. ಬಾಯಿ ಸ್ವಲ್ಪ ತೆರೆದಿತ್ತು. ಅಣ್ಣ ಮುಗಿಸಿ ಕೂತ. ಮೈಕಿನಲ್ಲಿ, “ಈಗ ಶಿಕಾರಿಪುರ ಕಡೆಯ ಕವಿ, ನಮ್ಮ ಅಧ್ಯಕ್ಷರ ಭಾವನವರು” ಎಂದು ಕೂಗಿದರು. ನಾನು ದೂರದಿಂದಲೇ ಬೇಡ, ಬೇಡ ಎಂದು ಎದೆಯ ಹತ್ತಿರ ಕೈ ಆಡಿಸಿದೆ. ಇವರು ಅದನ್ನು ನೋಡಿ, ಅಂಗಿಯ ಗುಂಡಿ ಹಾಕಿಕೊಂಡರು. ನಾನು ತಲೆ ಚಚ್ಚಿಕೊಂಡೆ. ಇವರು ತಲೆ ಬಾಚಿಕೊಂಡರು. ಆಮೇಲೆ ಹೋಗಿ ಮೈಕಿನ ಎದುರು ನಿಂತರು.

ಮೈಕನ್ನು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಮಾಡಿದರು. ಜಮಖಾನದ ಅಂಚು ಹಿಡಿದುಕೊಂಡು ನಾನು ಕೂತಿದ್ದೆ. ಆ ಗಳಿಗೆಯಲ್ಲಿ ನನಗೆ ಮರ್ಯಾದೆ ಗಿರ್ಯಾದೆ ಎಲ್ಲ ಮರೆತುಹೋಗಿ, ಪಾಪ, ಹೇಳಲಿ, ಒಂದು ಸಲ ಹೇಳಿಬಿಡಲಿ ಎಂದಷ್ಟೇ ಅನಿಸಿತು. ಕೊನೆಗೆ ಇವರು ಅಣ್ಣನ ಕಡೆ ತಿರುಗಿ ಕೈ ಮುಗಿದು, “ನಮ್ಮ ಭಾವನೋರು ಹೇಳಿದ್ದು ನವಿಲು ಗುಡ್ಡದ ಮ್ಯಾಲಿದ್ದಾಗಿನ ಮಾತು. ಅದು ಹೊಲಕ್ಕ ಇಳಿದ ಮ್ಯಾಲಿನ ಮಾತು ನಾ ಹೇಳ್ತೀನಿ” ಎಂದರು. ಎಲ್ಲೋ ಹಿಂದೆ ಒಬ್ಬ ಸಿಳ್ಳೆ ಹೊಡೆದ. ಅದೇ ‘ಏನಪ್ಪಾ ನವಿಲಪ್ಪಾ’ ಶುರುಮಾಡಿ, ನಾಚಿಕೆ ಇಲ್ಲದ ಕಣ್ಣುಗಳ ಸಾಲಿಗೆ ಬರುವಷ್ಟರಲ್ಲಿ ಗದ್ದೆಗೆ ಗದ್ದೆಯೇ ಎದ್ದು ಕೂತಿತ್ತು. ಇವರಿಗೆ ಧೈರ್ಯ ಬಂತು. ಕೈ ಬೀಸಿ, ಎದುರಿಗೇ ನವಿಲು ನಿಂತಿದೆಯೇನೋ ಎಂಬಂತೆ ಬೈದರು:

ಮಳಿ ಬಂದ್ರ ಕುಣಿಯಾಕ ನೀ ಮುಂದು,
ಕಸ ತೆಗಿಯಾಕ ಒಬ್ರಿಲ್ಲ ಇಂದು!
ಕುಣಿದಿದ್ದು ಸಾಕು, ಕೆಳಗಿಳಿಯಪ್ಪ,
ಕುಡುಗೋಲು ಕೊಡ್ತೀನಿ, ಕಸ ಕೀಳಪ್ಪ!

ಹೆಂಗಸರ ಕಡೆಯಿಂದ ಎದ್ದ ನಗುವಿಗೆ ಶಾಮಿಯಾನದ ಕಂಬ ಅಲುಗಿತು. “ಇನ್ನೊಂದ್ಸಲ ಹೇಳ್ರಾ!” ಎಂದು ಅಜ್ಜಿ ಬೆನ್ನು ನೋವು ಮರೆತು ಕೂಗಿದಳು. ಅಣ್ಣ ಮಾತ್ರ ಕವಿತೆಯ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದಿದ್ದ. ಹಾಳೆ ನಡುಗುತ್ತಿತ್ತು. ಸಿಟ್ಟೋ, ಅವಮಾನವೋ ನನಗೆ ತಿಳಿಯಲಿಲ್ಲ. ಇವರು ದನಿ ತಗ್ಗಿಸಿ ಕೊನೆಯ ಚರಣಕ್ಕೆ ಬಂದರು. ಇದನ್ನು ನಾನೂ ಕೇಳಿರಲಿಲ್ಲ, ಎಮ್ಮೆಗೂ ಹೇಳಿರಲಿಕ್ಕಿಲ್ಲ.

ವಾರ ಆತು, ಕಾಣಲಿಲ್ಲ ನೀನು,
ಮೈಯಾಗ ಹುಷಾರಿಲ್ಲೇನು?
ಬೈಯಾಕ ಯಾರೂ ಇಲ್ದಂಗಾಗಿ
ತುಕ್ಕು ಹಿಡದೈತಿ ಬಾಯಿಗಿ.
ಬಾರೋ ಕಳ್ಳ, ಬಾ ಬ್ಯಾಗ,
ಒಂದು ಸಾಲು ಬಿಟ್ಟೀನಿ ನಿನಗ.

ಜೋಳದ ಸಾಲು ಬಿಟ್ಟರೋ ಪದ್ಯದ ಸಾಲು ಬಿಟ್ಟರೋ ನನಗೆ ಗೊತ್ತಾಗಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಈ ಮನುಷ್ಯನ ಒಳಗೆ ಇಂಥದ್ದೊಂದು ಇದೆ ಎಂದು ನನಗೆ ತಿಳಿದಿರಲಿಲ್ಲವಲ್ಲ ಎನಿಸಿತು. ಆಮೇಲೆ ಚಪ್ಪಾಳೆ ಬಿತ್ತು ನೋಡಿ, ಬಣವೆಯ ಮೇಲಿನ ಕಾಗೆಗಳೆಲ್ಲ ಹಾರಿದವು.

ಅಣ್ಣ ಎದ್ದ. ಕೋಲೂರಿಕೊಂಡು ಮೈಕಿನ ಹತ್ತಿರ ಬಂದ. ಅವನು ಹಾಳೆ ಕೆಳಗಿಳಿಸಿದಾಗ ಕಂಡಿತು: ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದ.

“ನಾನು ಓದಿದ್ದು ಸುಳ್ಳಲ್ಲ” ಎಂದ. “ಆದ್ರೆ ಅರ್ಧ. ಬಾಕಿ ಅರ್ಧ ಭಾವ ಹೇಳಿದ್ರು. ನಮ್ಮನೆ ಅಲಸಂದೆ ಸಾಲಿಗೆ ಮೊನ್ನೆ ನವಿಲು ಬಂದಿತ್ತು. ಈ ಕೋಲು ತಕಂಡೇ ಅಟ್ಟಿಸ್ಕಂಡು ಹೋದೆ. ಬದು ಮೇಲೆ ಜಾರಿ ಬಿದ್ದೆ. ಮೊಣಕಾಲು ಇನ್ನೂ ಊದ್ಕಂಡದೆ. ಮನೇಲಿ ಬಚ್ಚಲಲ್ಲಿ ಜಾರಿದೆ ಅಂದೀನಿ.”

“ಹಂಗಾ ಸಮಾಚಾರ!” ಎಂದು ಅತ್ತಿಗೆ ಮುಂದಿನ ಸಾಲಿನಲ್ಲಿ ಎದ್ದು ನಿಂತಳು. “ನಾನು ದಿನಾ ಬಚ್ಚಲು ತಿಕ್ಕಿ ತಿಕ್ಕಿ ಸಾಯ್ತಾ ಇದ್ದೆ ಇಲ್ಲಿ!”

ಅಲ್ಲಿಗೆ ಕವಿಗೋಷ್ಠಿಯ ಕಟ್ಟು ಹರಿಯಿತು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಸೀರೆ ಸಿಕ್ಕಿಸಿಕೊಂಡು ಎದ್ದು, “ನಂದೂ ಒಂದು ಬೈಯೋದದೆ” ಎಂದು ಮೈಕು ಕಸಿದುಕೊಂಡಳು. “ಬಾಳೆಗೊನೆ ಹಣ್ಣಾಗಿದ್ದು ನಂಗೆ ತಿಳಿಯೋ ಮುಂಚೆ, ನಿಂಗ್ಯಾರು ಫೋನ್ ಮಾಡಿದ್ರೋ ಮಂಗಣ್ಣ?” ಎಂದು ಕೇಳಿದಳು. ಕಾಡುಹಂದಿಗೆ ಒಬ್ಬರು ಬೈದರು, ಬಾರದ ಬಸ್ಸಿಗೆ ಒಬ್ಬರು, ಬಂದ ಬೀಗರಿಗೆ ಒಬ್ಬರು. ಹೋಳಿಗೆ ತಯಾರಾಗಿದೆ ಎಂದು ಅಡುಗೆಯವರೇ ಬಂದು ಕರೆದರೂ ಯಾರೂ ಏಳಲಿಲ್ಲ, ಅಡುಗೆಯವರೇ ಕೂತರು. ಗಲಾಟೆಯ ನಡುವೆ ಯಾರೋ, “ಕವಿಗಳ ಹೆಂಡ್ತಿ ಏನಾದ್ರೂ ಹೇಳ್ಲಿ!” ಎಂದರು. ಇಲ್ಲ ಎನ್ನಲು ಎದ್ದವಳು ನಾನು. ಆದರೆ ಬಾಯಿಂದ ಬಂದದ್ದು ಬೇರೆ.

“ನವಿಲು ತಿಂದಿದ್ದು ಹೊಲದ ಕಾಳು, ಕವಿ ತಿಂದಿದ್ದು ನನ್ನ ಬಾಳು!”

ಇವರು ಕುರ್ಚಿಯಿಂದ ಅರ್ಧ ಎದ್ದವರು ಹಾಗೇ ನಿಂತರು. ಗದ್ದೆ ತುಂಬ ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ರುಚಿ ಇದೆಯಲ್ಲ, ಅದನ್ನು ಇಲ್ಲಿ ವರ್ಣಿಸಲಾರೆ. ವರ್ಗಮೂಲ ಕಂಡುಹಿಡಿದಾಗ ನನಗೆ ಯಾರೂ ಚಪ್ಪಾಳೆ ತಟ್ಟಿರಲಿಲ್ಲ.

ಊಟಕ್ಕೆ ಅಣ್ಣನೂ ಇವರೂ ಪಕ್ಕಪಕ್ಕ ಕೂತರು. ನಾನು ಬಡಿಸುವ ನೆಪದಲ್ಲಿ ಅಲ್ಲೇ ಸುಳಿದಾಡಿದೆ. ಮಳೆಯ ಮಾತಿಲ್ಲ, ರಸ್ತೆಯ ಮಾತಿಲ್ಲ. ಹೋಳಿಗೆ ಕೈಯಲ್ಲೇ ಆರುತ್ತಿತ್ತು, ಇಬ್ಬರೂ ಹಂದಿ, ಮಂಗ, ಗಿಳಿಗಳನ್ನು ಹಂಚಿಕೊಂಡು ಯಾರು ಯಾರಿಗೆ ಬೈಯಬೇಕೆಂದು ತೀರ್ಮಾನಿಸುತ್ತಿದ್ದರು. “ಭಾವ, ಆ ದನಿ ಕಳಿಸ್ತ್ರಂತಲ ಫೋನಲ್ಲಿ, ನಂಗೂ ಕಳಿಸಿ. ನಾನೂ ಉತ್ತರ ಕಳಿಸ್ತಿ” ಎಂದ ಅಣ್ಣ. ಇವರಿಬ್ಬರೂ ಮಾತಾಡಲಿ ಎಂದು ನಾನು ಎಷ್ಟೋ ದೇವರಿಗೆ ಹರಕೆ ಹೊತ್ತಿದ್ದೆ. ದೇವರು ಕೊಡುವಾಗ ಪ್ರಮಾಣ ನೋಡುವುದಿಲ್ಲ.

ಬಿಸಿಲು ಇಳಿದ ಮೇಲೆ ಹೊರಟೆವು. ಇವರು ತೃಪ್ತಿಯಾದವರ ಹಾಗೆ ನಿಧಾನವಾಗಿ ಬೈಕು ಓಡಿಸುತ್ತಿದ್ದರು. ಸೊರಬ ದಾಟಿತು. ಶಿರಾಳಕೊಪ್ಪ ಹತ್ತಿರ ಬಂತು. ರಸ್ತೆಯ ಗುಂಡಿಯೊಂದರ ಹತ್ತಿರ ವೇಗ ತಗ್ಗಿಸಿ, ತಲೆ ಸ್ವಲ್ಪ ಹಿಂದಕ್ಕೆ ತಿರುಗಿಸಿ ಕೇಳಿದರು:

“ಏನೇ ಅದು, ಆಗಿಂದ ಬೆನ್ನ ಮ್ಯಾಲೆ ಟಕ್ ಟಕ್ ಅಂತ? ಹುಳ ಏನಾದ್ರೂ ಕುಂತೈತೇನು?”

ನೋಡಿಕೊಂಡರೆ ನನ್ನ ಬೆರಳು.

“ಏನಿಲ್ಲ, ಮುಂದೆ ನೋಡಿ ಓಡಿಸ್ರೀ” ಎಂದೆ. ಎರಡು ಸಾಲು ಕೂತಿದ್ದವು, ಮೂರನೆಯದಕ್ಕೆ ಪ್ರಾಸ ಸಿಗುತ್ತಿರಲಿಲ್ಲ.